ಬೆಳ್ಳಿಗೋಡೆಯ ಮನೆ ಮತ್ತು ಕ್ಯಾಮೆರಾ ಹಿಡಿದವರು

ಕಲಾವಿದ ಎಂದಕೂಡಲೆ ನಮ್ಮ ಕಲ್ಪನೆಗೆ ಬರುವುದು ಒಬ್ಬ ಒಂಟಿ ಮನುಷ್ಯ. ಬಾಗಿಲು ಮುಚ್ಚಿಕೊಂಡು, ಊಟ ನಿದ್ದೆ ಮರೆತು, ಕ್ಯಾನ್‌ವಾಸಿನ ಮುಂದೆ ನಿಂತಿರುವವನು. ನಮ್ಮ ಮೈಸೂರಿನ ಕೆ. ವೆಂಕಟಪ್ಪನವರ (1886-1965) ಬಗ್ಗೆ ಜನ ಹೇಳುತ್ತ ಬಂದಿರುವ ಕಥೆಗಳಲ್ಲಿ ಹೆಚ್ಚಿನವು ಈ ಬಗೆಯವು. ಕಲೆಯೆಂದರೆ ಏಕಾಂತ, ಏಕಾಂತವೆಂದರೆ ತಪಸ್ಸು ಎಂಬ ನಂಬಿಕೆ ನಮ್ಮಲ್ಲಿ ಆಳವಾಗಿದೆ.

ಇದಕ್ಕೆ ತೀರ ವಿರುದ್ಧವಾದ ಒಂದು ಕಲಾಶಾಲೆ 1960ರ ದಶಕದ ನ್ಯೂಯಾರ್ಕಿನಲ್ಲಿತ್ತು. ಯಾರು ಬೇಕಾದರೂ ಲಿಫ್ಟ್ ಹತ್ತಿ ಒಳಗೆ ಬರಬಹುದಿತ್ತು. ಕವಿಗಳು, ನರ್ತಕರು, ಹಾಡುಗಾರರು, ಮನೆ ಬಿಟ್ಟು ಬಂದ ಹುಡುಗಿಯರು, ಹೆಣ್ಣುಡುಗೆಯ ಗಂಡಸರು, ಮಾದಕ ದ್ರವ್ಯಕ್ಕೆ ಸಿಕ್ಕವರು, ಸಿರಿವಂತರ ಮಕ್ಕಳು, ಬೀದಿಪಾಲಾದವರು ಎಲ್ಲರೂ ಅಲ್ಲಿದ್ದರು. ಯಜಮಾನ ಆಂಡಿ ವಾರ್ಹಾಲ್ ಅದನ್ನು ಸ್ಟುಡಿಯೊ ಎನ್ನುತ್ತಿರಲಿಲ್ಲ, ಫ್ಯಾಕ್ಟರಿ ಎನ್ನುತ್ತಿದ್ದ. ಈ ಲೇಖನದ ವಿಷಯ ಮಾತ್ರ ಅವನಲ್ಲ. ಆ ಮನೆಯಲ್ಲಿ ಕ್ಯಾಮೆರಾ ಹಿಡಿದು ತಿರುಗಿದವರು, ಮತ್ತು ಆ ಕ್ಯಾಮೆರಾಕ್ಕೆ ಮುಖ ಕೊಟ್ಟವರು. ಅವರ ಕಥೆಯಲ್ಲಿ ನಮಗೂ ಬೇಕಾದ ಒಂದು ವಿಚಾರವಿದೆ.

ವಾರ್ಹಾಲ್ ಹುಟ್ಟಿದ್ದು 1928ರಲ್ಲಿ, ಉಕ್ಕಿನ ಊರು ಪಿಟ್ಸ್‌ಬರ್ಗಿನಲ್ಲಿ. ಅಪ್ಪ ಅಮ್ಮ ಈಗಿನ ಸ್ಲೊವಾಕಿಯಾದ ಮಿಕೋವಾ ಎಂಬ ಹಳ್ಳಿಯಿಂದ ವಲಸೆ ಬಂದ ಬಡವರು. ಅಪ್ಪ ಕೂಲಿ ಕೆಲಸದವನು, 1942ರಲ್ಲಿ ತೀರಿಕೊಂಡ. ಹುಡುಗ ಓದು ಮುಗಿಸಿ 1949ರಲ್ಲಿ ನ್ಯೂಯಾರ್ಕಿಗೆ ಬಂದು ಚಪ್ಪಲಿ ಬೂಟುಗಳ ಜಾಹೀರಾತಿಗೆ ಚಿತ್ರ ಬರೆದು ಹಣ ಮಾಡಿದ. 1962ರಲ್ಲಿ ಅಂಗಡಿಯ ಸೂಪ್ ಡಬ್ಬಿಗಳನ್ನೇ 32 ಕ್ಯಾನ್‌ವಾಸುಗಳಲ್ಲಿ ಬಿಡಿಸಿ ಪ್ರದರ್ಶನಕ್ಕಿಟ್ಟಾಗ ಜನ ನಕ್ಕರು. ಅದೇ ವರ್ಷ ನಟಿ ಮರ್ಲಿನ್ ಮನ್ರೋ ಸತ್ತಳು. ಅವಳ ಸಿನಿಮಾ ಪ್ರಚಾರದ ಒಂದು ಫೋಟೊವನ್ನು ರೇಷ್ಮೆ ಪರದೆಯ ಮೂಲಕ ಬಣ್ಣ ಒತ್ತಿ ಮತ್ತೆ ಮತ್ತೆ ಅಚ್ಚು ಹಾಕಿದ. ನಮ್ಮ ಊರುಗಳಲ್ಲಿ ಮದುವೆ ಪತ್ರಿಕೆ, ಕೈಚೀಲಗಳ ಮೇಲೆ ಅಕ್ಷರ ಒತ್ತುವ ಸ್ಕ್ರೀನ್ ಪ್ರಿಂಟಿಂಗ್ ಇದೆಯಲ್ಲ, ಅದೇ ವಿದ್ಯೆ. ಅವನ ಕಲೆಯ ತಳದಲ್ಲಿ ಮೊದಲಿನಿಂದಲೂ ಇದ್ದದ್ದು ಫೋಟೊ, ಅದೂ ಬೇರೆಯವರು ತೆಗೆದದ್ದು.

1964ರ ಆರಂಭದಲ್ಲಿ ಅವನು ಪೂರ್ವ 47ನೇ ಬೀದಿಯ 231ನೇ ನಂಬರಿನ ಕಟ್ಟಡಕ್ಕೆ ಬಂದ. ಹಿಂದೆ ಟೋಪಿ ಮಾಡುತ್ತಿದ್ದ ಹಳೆಯ ಜಾಗ ಅದು. ಗಾರೆ ಉದುರಿದ ಗೋಡೆಗಳು. ಅದನ್ನು ಬೆಳ್ಳಿಯ ಮನೆ ಮಾಡಿದವನು ಬಿಲ್ಲಿ ಲಿನಿಚ್ ಎಂಬ 24ರ ಯುವಕ. ನಾಟಕ ನೃತ್ಯಗಳಿಗೆ ದೀಪ ಹಾಕುವ ಕಸುಬಿನವನು. ತನ್ನ ಮನೆಯನ್ನು ಅವನು ಮೊದಲೇ ಬೆಳ್ಳಿ ಬಣ್ಣ ಮತ್ತು ಅಲ್ಯೂಮಿನಿಯಂ ಹಾಳೆಗಳಿಂದ ಮುಚ್ಚಿದ್ದ. ಅದನ್ನು ನೋಡಿದ ವಾರ್ಹಾಲ್ ನನ್ನ ಜಾಗಕ್ಕೂ ಹೀಗೇ ಮಾಡಿಕೊಡು ಎಂದು ಕೇಳಿದ. ಬಿಲ್ಲಿ ಗೋಡೆ, ಕಂಬ, ಪೈಪುಗಳನ್ನೆಲ್ಲ ಬೆಳ್ಳಿ ಮಾಡಿದ. ಬೀದಿಯಲ್ಲಿ ಯಾರೋ ಎಸೆದಿದ್ದ ಕೆಂಪು ಸೋಫಾ ಒಂದನ್ನು ಮೇಲಕ್ಕೆ ತಂದಿಟ್ಟ. ಕೆಲಸ ಮಾಡುತ್ತ ಅಲ್ಲಿಯೇ ಉಳಿದುಬಿಟ್ಟ.

ವಾರ್ಹಾಲ್ ಸಿನಿಮಾ ತೆಗೆಯಲು ತೊಡಗಿದಾಗ ತನ್ನ ಬಳಿಯಿದ್ದ ಪೆಂಟಾಕ್ಸ್ ಸ್ಟಿಲ್ ಕ್ಯಾಮೆರಾವನ್ನು ಬಿಲ್ಲಿಯ ಕೈಗೆ ಕೊಟ್ಟ. ಬಿಲ್ಲಿಗೆ ಫೋಟೊ ತೆಗೆಯಲು ಬರುತ್ತಿರಲಿಲ್ಲ. ಕ್ಯಾಮೆರಾದ ಜೊತೆಗಿದ್ದ ವಿವರಣೆ ಓದಿಕೊಂಡು ಕಲಿತ. ಬಚ್ಚಲಮನೆಯನ್ನೇ ಡಾರ್ಕ್ ರೂಮ್ ಮಾಡಿಕೊಂಡ, ಅಲ್ಲಿಯೇ ಮಲಗಿದ. ಮುಂದೆ ಬಿಲ್ಲಿ ನೇಮ್ ಎಂದು ಹೆಸರು ಬದಲಿಸಿಕೊಂಡ. ಹೆಸರೇ 'ಹೆಸರು'. ಅವನ ಕಪ್ಪು ಬಿಳುಪಿನ ಚಿತ್ರಗಳಲ್ಲಿ ಬೆಳಕು ಒಂದು ಕಡೆಯಿಂದ ಬರುವುದಿಲ್ಲ, ಹಾಳೆ ಅಂಟಿಸಿದ ಗೋಡೆಗಳಿಗೆ ತಾಗಿ ಸುತ್ತಲಿಂದ ಮರಳುತ್ತದೆ. ದೀಪದ ಕಸುಬುದಾರ ತಾನೇ ಕಟ್ಟಿದ ಬೆಳಕಿನೊಳಗೆ ಕುಳಿತು ತೆಗೆದ ಚಿತ್ರಗಳು ಅವು. ಅಲ್ಲಿದ್ದವರು ಅವನಿಗಾಗಿ ನಗುವುದಿಲ್ಲ, ಬೆನ್ನು ನೆಟ್ಟಗೆ ಮಾಡುವುದಿಲ್ಲ. ಅವನು ಅತಿಥಿಯಲ್ಲ, ಮನೆಯವನು.

ಎರಡನೆಯವನು ಸ್ಟೀಫನ್ ಶೋರ್. 1947ರಲ್ಲಿ ಹುಟ್ಟಿದವನು. 14ನೇ ವಯಸ್ಸಿಗೇ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯಕ್ಕೆ ಮೂರು ಫೋಟೊ ಮಾರಿದ ಹುಡುಗ. 1965ರಲ್ಲಿ, ಇನ್ನೂ 17 ವಯಸ್ಸಿನಲ್ಲಿ, ಫ್ಯಾಕ್ಟರಿಗೆ ಕಾಲಿಟ್ಟ. ಎರಡು ವರ್ಷ ಹೆಚ್ಚು ಕಡಿಮೆ ಅಲ್ಲೇ ಇದ್ದ. ಅವನ ಚಿತ್ರಗಳಲ್ಲಿ ನಾವು ನಿರೀಕ್ಷಿಸುವ ಗದ್ದಲ ಕಡಿಮೆ. ಜನ ಕಾಯುತ್ತ ಕುಳಿತಿದ್ದಾರೆ, ಫೋನಿನಲ್ಲಿ ಮಾತಾಡುತ್ತಿದ್ದಾರೆ, ವಾರ್ಹಾಲ್ ಕೆಲಸ ಮಾಡುತ್ತಿದ್ದಾನೆ. ಕಲಾವಿದನೊಬ್ಬ ದಿನವಿಡೀ ಹೇಗೆ ಒಂದೊಂದೇ ತೀರ್ಮಾನ ತೆಗೆದುಕೊಳ್ಳುತ್ತಾನೆ ಎಂಬುದನ್ನು ನೋಡಿದ್ದೇ ತನಗೆ ಪಾಠವಾಯಿತೆಂದು ಶೋರ್ ಆಮೇಲೆ ಹೇಳಿಕೊಂಡಿದ್ದಾನೆ. 1971ರಲ್ಲಿ, 23ನೇ ವಯಸ್ಸಿನಲ್ಲಿ, ಮೆಟ್ರೊಪಾಲಿಟನ್ ಸಂಗ್ರಹಾಲಯದಲ್ಲಿ ಅವನ ಏಕವ್ಯಕ್ತಿ ಪ್ರದರ್ಶನವಾಯಿತು. ಮುಂದೆ ಬಣ್ಣದ ಛಾಯಾಗ್ರಹಣದ ದೊಡ್ಡ ಹೆಸರುಗಳಲ್ಲಿ ಒಂದಾದ.

ಮೂರನೆಯವನು ನ್ಯಾಟ್ ಫಿಂಕೆಲ್‌ಸ್ಟೀನ್ (1933-2009). ಸುದ್ದಿ ಸಂಸ್ಥೆಗೆ ಕೆಲಸ ಮಾಡುತ್ತಿದ್ದ ಪತ್ರಿಕಾ ಛಾಯಾಗ್ರಾಹಕ. ಬ್ರೂಕ್ಲಿನ್ನಿನ ಒರಟು ಮನುಷ್ಯ, ರಾಜಕೀಯ ಚಳವಳಿಗಳಲ್ಲಿ ತೊಡಗಿಕೊಂಡವನು. ಹಾಡುಗಾರ ಬಾಬ್ ಡಿಲನ್ ಫ್ಯಾಕ್ಟರಿಗೆ ಬಂದ ದಿನದ ಚಿತ್ರಗಳು ಅವನವು. ಡಿಲನ್ ಅಂದು ವಾರ್ಹಾಲನ ಎಲ್ವಿಸ್ ಚಿತ್ರವೊಂದನ್ನು ಹೊತ್ತುಕೊಂಡು ಹೋದ, ಮುಂದೆ ಅದನ್ನು ತನ್ನ ಮ್ಯಾನೇಜರನಿಗೆ ಕೊಟ್ಟು ಬದಲಿಗೆ ಒಂದು ಸೋಫಾ ಪಡೆದ. ಫಿಂಕೆಲ್‌ಸ್ಟೀನನ ಕಣ್ಣು ಸುದ್ದಿಗಾರನ ಕಣ್ಣು. ಆ ಮನೆಯ ಮೋಹದ ಜೊತೆಗೆ ಅಲ್ಲಿಯ ತಣ್ಣನೆಯ ಕ್ರೌರ್ಯವೂ ಅವನಿಗೆ ಕಂಡಿತ್ತು.

ಇವರ ಜೊತೆಗೆ ವಾರ್ಹಾಲನೂ ಒಂದು ಬಗೆಯ ಛಾಯಾಗ್ರಾಹಕನೇ. 1964ರಿಂದ 1966ರವರೆಗೆ ಫ್ಯಾಕ್ಟರಿಗೆ ಬಂದವರನ್ನು ಒಬ್ಬೊಬ್ಬರನ್ನಾಗಿ ಕುರ್ಚಿಯ ಮೇಲೆ ಕೂರಿಸಿ, ಮೂಕಿ ಸಿನಿಮಾ ಕ್ಯಾಮೆರಾ ಎದುರಿಟ್ಟು, ಅಲುಗಾಡಬೇಡಿ ಎನ್ನುತ್ತಿದ್ದ. 100 ಅಡಿ ಫಿಲ್ಮ್ ಸುಮಾರು ಮೂರು ನಿಮಿಷದಲ್ಲಿ ಮುಗಿಯುತ್ತಿತ್ತು. ತೋರಿಸುವಾಗ ಸೆಕೆಂಡಿಗೆ 24ರ ಬದಲು 16 ಚೌಕಟ್ಟಿನಂತೆ ನಿಧಾನವಾಗಿ ಓಡಿಸುತ್ತಿದ್ದುದರಿಂದ ನಾಲ್ಕು ನಿಮಿಷ ಮೀರುತ್ತಿತ್ತು. ಇಂಥ 472 ಮುಖಚಿತ್ರಗಳು ಉಳಿದಿವೆ. ಕಾಶಿ ಕಲ್ಕತ್ತೆಗಳಲ್ಲಿ ತಿಂಗಳುಗಟ್ಟಲೆ ಇದ್ದು ಹೋಗಿದ್ದ ಕವಿ ಅಲೆನ್ ಗಿನ್ಸ್‌ಬರ್ಗ್ ಅವರಲ್ಲೊಬ್ಬ. ಮೊದಲ ಅರ್ಧ ನಿಮಿಷ ಎಲ್ಲರೂ ಧೈರ್ಯವಾಗಿರುತ್ತಾರೆ. ಆಮೇಲೆ ಮುಖ ಸಡಿಲವಾಗುತ್ತದೆ, ಕಣ್ಣಿನಲ್ಲಿ ನೀರಾಡುತ್ತದೆ, ಹೊರಗಿನವರಿಗೆ ತೋರಿಸಲು ಇಟ್ಟುಕೊಂಡ ಮುಖ ಕೆಳಗಿಳಿಯುತ್ತದೆ.

ಈ ಚಿತ್ರಗಳ ಬೆಲೆ ತಿಳಿಯಬೇಕಾದರೆ ಆ ಕಾಲವನ್ನು ನೆನೆಯಬೇಕು. ಅಂದಿನ ನ್ಯೂಯಾರ್ಕಿನಲ್ಲಿ ಸಲಿಂಗ ಸಂಬಂಧ ಕಾನೂನಿನ ಪ್ರಕಾರ ಅಪರಾಧ. ಹೆಣ್ಣುಡುಗೆ ತೊಟ್ಟ ಗಂಡಸನ್ನು ಪೊಲೀಸರು ಹಿಡಿದೊಯ್ಯಬಹುದಿತ್ತು. ಅಂಥವರಿಗೆ ಕ್ಯಾಮೆರಾವೆಂದರೆ ಠಾಣೆಯ ಕ್ಯಾಮೆರಾ, ಅಥವಾ ಮಾನ ಕಳೆಯುವ ಪತ್ರಿಕೆಯ ಕ್ಯಾಮೆರಾ. ಅದೇ 1964ರಲ್ಲಿ ನ್ಯೂಯಾರ್ಕಿನ ವಿಶ್ವ ಮೇಳಕ್ಕಾಗಿ ವಾರ್ಹಾಲ್ ಪೊಲೀಸರಿಗೆ ಬೇಕಾಗಿದ್ದ 13 ಜನರ ಠಾಣೆ ಫೋಟೊಗಳನ್ನು ದೊಡ್ಡದು ಮಾಡಿ ಗೋಡೆಗೆ ಹಚ್ಚಿದ. ಅಧಿಕಾರಸ್ಥರು ಒಪ್ಪಲಿಲ್ಲ, ಮೇಳ ಆರಂಭವಾಗುವ ಮೊದಲೇ ಅವುಗಳ ಮೇಲೆ ಬೆಳ್ಳಿಬಣ್ಣ ಬಳಿಯಲಾಯಿತು. ಒಂದು ಕಡೆ ಠಾಣೆಯ ಚಿತ್ರ, ಇನ್ನೊಂದು ಕಡೆ ಬಿಲ್ಲಿಯ ಚಿತ್ರ. ಎರಡರಲ್ಲೂ ಸಮಾಜದ ಅಂಚಿನ ಮುಖಗಳೇ. ಆದರೆ ಒಂದರಲ್ಲಿ ಮುಖ ಒಂದು ಸಾಕ್ಷ್ಯ, ಇನ್ನೊಂದರಲ್ಲಿ ಅದು ಸ್ನೇಹಿತನದು.

ಈ ವ್ಯತ್ಯಾಸ ನಮಗೆ ಪರಿಚಿತವೇ. ಪ್ರತಿ ಈದ್ ಹಬ್ಬದ ಮರುದಿನ ಪತ್ರಿಕೆಗಳಲ್ಲಿ ಸಾಲಾಗಿ ಬಾಗಿದ ಬೆನ್ನುಗಳ ಚಿತ್ರ ಬರುತ್ತದೆ, ಇಲ್ಲವೇ ಹೊಸ ಟೋಪಿ ಹಾಕಿಕೊಂಡು ತಬ್ಬಿಕೊಂಡ ಇಬ್ಬರು ಮಕ್ಕಳದು. ಗಲಭೆಯಾದರೆ ಮುಖಕ್ಕೆ ಬಟ್ಟೆ ಕಟ್ಟಿದವರದು. ಈ ಎರಡರ ನಡುವೆ ವರ್ಷದ ಉಳಿದ ದಿನಗಳಲ್ಲಿ ಅದೇ ಜನ ಗ್ಯಾರೇಜಿನಲ್ಲಿ, ಸಂತೆಯಲ್ಲಿ, ಶಾಲೆಯಲ್ಲಿ, ಮುಶಾಯರಾದಲ್ಲಿ ಇರುತ್ತಾರೆ. ಅಲ್ಲಿ ಕ್ಯಾಮೆರಾ ಇರುವುದು ಅಪರೂಪ. ಹೊರಗಿನಿಂದ ಒಂದು ದಿನಕ್ಕೆ ಬಂದವನಿಗೆ ಬೆನ್ನು ಕಾಣುತ್ತದೆ. ಮುಖ ಕಾಣಬೇಕಾದರೆ ಒಳಗೆ ಇರಬೇಕಾಗುತ್ತದೆ.

ಹಾಗೆಂದು ಆ ಬೆಳ್ಳಿಮನೆಯನ್ನು ಸ್ವರ್ಗವೆಂದು ವರ್ಣಿಸಿದರೆ ಅದು ಸುಳ್ಳಾದೀತು. ಅಲ್ಲಿಯ ಎಚ್ಚರ ಬಹುಮಟ್ಟಿಗೆ ನಿದ್ದೆ ಕೊಲ್ಲುವ ಗುಳಿಗೆಗಳಿಂದ ಬಂದದ್ದು. ರೇಷ್ಮೆ ಪರದೆ ಎಳೆಯುತ್ತಿದ್ದ ಕವಿ ಜೆರಾರ್ಡ್ ಮಲಂಗಾನಿಗೆ ಗಂಟೆಗೆ ಒಂದೂಕಾಲು ಡಾಲರು ಕೂಲಿ, ಅಂದಿನ ಕನಿಷ್ಠ ವೇತನದಷ್ಟು. ಅನೇಕರಿಗೆ ಅದೂ ಇಲ್ಲ. ನರ್ತಕ ಫ್ರೆಡ್ಡಿ ಹರ್ಕೊ 1964ರಲ್ಲಿ ಕಿಟಕಿಯಿಂದ ಹಾರಿ ಸತ್ತ. ಶೋರ್, ಫಿಂಕೆಲ್‌ಸ್ಟೀನ್ ಇಬ್ಬರ ಚಿತ್ರಗಳಲ್ಲೂ ಹೊಳೆಯುವ ಈಡಿ ಸೆಜ್ವಿಕ್, ಶ್ರೀಮಂತ ಮನೆತನದ ಹುಡುಗಿ, 1971ರಲ್ಲಿ 28ನೇ ವಯಸ್ಸಿಗೆ ತೀರಿಕೊಂಡಳು. ಗಂಡಾಗಿ ಹುಟ್ಟಿ ಹೆಣ್ಣಾಗಿ ಬದುಕಿದ ಕ್ಯಾಂಡಿ ಡಾರ್ಲಿಂಗ್ 1974ರಲ್ಲಿ ಕ್ಯಾನ್ಸರಿಗೆ ಬಲಿಯಾದಳು. ಆಸ್ಪತ್ರೆಯ ಹಾಸಿಗೆಯ ಮೇಲೆ ಬಿಳಿ ಹೂಗಳ ನಡುವೆ ಒರಗಿದ ಅವಳ ಚಿತ್ರವನ್ನು ಪೀಟರ್ ಹುಜಾರ್ ತೆಗೆದ.

ವೆಲರಿ ಸೊಲಾನಸಳ ಪ್ರಸಂಗ ಎಲ್ಲಕ್ಕಿಂತ ಕಹಿಯಾದದ್ದು. ಬಡ ಲೇಖಕಿ. ತನ್ನ ನಾಟಕದ ಹಸ್ತಪ್ರತಿಯನ್ನು ವಾರ್ಹಾಲನಿಗೆ ಓದಲು ಕೊಟ್ಟಳು. ಅವನು ಅದನ್ನು ಎಲ್ಲೋ ಕಳೆದ. ಕೇಳಲು ಬಂದಾಗ ಒಂದು ಸಿನಿಮಾದಲ್ಲಿ ಸಣ್ಣ ಪಾತ್ರ ಕೊಟ್ಟು 25 ಡಾಲರು ಕೈಗಿಟ್ಟ. 1968ರ ಜೂನ್ 3ರಂದು ಅವಳು ಯೂನಿಯನ್ ಸ್ಕ್ವೇರಿನ ಹೊಸ ಜಾಗಕ್ಕೆ ಬಂದು ಅವನ ಮೇಲೆ ಗುಂಡು ಹಾರಿಸಿದಳು. ಡಾರ್ಕ್ ರೂಮಿನಿಂದ ಓಡಿಬಂದ ಬಿಲ್ಲಿ ರಕ್ತದಲ್ಲಿ ಬಿದ್ದಿದ್ದ ವಾರ್ಹಾಲನನ್ನು ಹಿಡಿದುಕೊಂಡು ಅತ್ತ. ವಾರ್ಹಾಲ್ ಕೂದಲೆಳೆಯಲ್ಲಿ ಬದುಕಿಕೊಂಡ. ಸೊಲಾನಸ್ ಜೈಲು, ಮಾನಸಿಕ ಆಸ್ಪತ್ರೆಗಳನ್ನು ದಾಟಿ 1988ರಲ್ಲಿ ಅನಾಥಳಂತೆ ಸತ್ತಳು. ಕಳೆದುಹೋಗಿದ್ದ ಆ ಹಸ್ತಪ್ರತಿ ಎಷ್ಟೋ ವರ್ಷಗಳ ನಂತರ ಸಿಕ್ಕಿತು. ಎಲ್ಲಿ? ಬಿಲ್ಲಿ ನೇಮ್‌ನ ದೀಪದ ಸಾಮಾನುಗಳಿದ್ದ ಒಂದು ಪೆಟ್ಟಿಗೆಯಲ್ಲಿ. ಅವಳ ಕೃತ್ಯವನ್ನು ಯಾರೂ ಸಮರ್ಥಿಸಲಾರರು. ಆದರೆ ಬರೆಯುವವರಿಗೆ ಆ ಪೆಟ್ಟಿಗೆಯ ವಿಷಯ ಬಹಳ ದಿನ ತಲೆಯಲ್ಲಿ ಉಳಿಯುವಂಥದು.

ಗುಂಡೇಟಿನ ನಂತರ ಬಾಗಿಲಿಗೆ ಕಾವಲು ಬಂತು. 1969ರ ಅಕ್ಟೋಬರ್ 30ರಂದು ಹೆಸರಾಂತ ಫ್ಯಾಷನ್ ಛಾಯಾಗ್ರಾಹಕ ರಿಚರ್ಡ್ ಅವೆಡನ್ ಈ ಬಳಗವನ್ನು ತನ್ನ ಸ್ಟುಡಿಯೊದಲ್ಲಿ ಬಿಳಿ ಪರದೆಯ ಮುಂದೆ ಸಾಲಾಗಿ ನಿಲ್ಲಿಸಿ ಚಿತ್ರ ತೆಗೆದ. ಸುಮಾರು 30 ಅಡಿ ಉದ್ದದ ಭಿತ್ತಿಚಿತ್ರವದು. ಅದ್ಭುತವಾದ ಚಿತ್ರ, ಆದರೆ ಅಲ್ಲಿ ಮನೆಯಿಲ್ಲ, ಸೋಫಾವಿಲ್ಲ, ಬೆಳ್ಳಿಗೋಡೆಯಿಲ್ಲ. ಒಂದು ಬಳಗವು ಪ್ರದರ್ಶನದ ವಸ್ತುವಾದ ದಿನ ಅದು. ಅಷ್ಟರಲ್ಲಿ ಬಿಲ್ಲಿ ಡಾರ್ಕ್ ರೂಮಿನ ಒಳಗೆ ತನ್ನನ್ನು ತಾನೇ ಮುಚ್ಚಿಕೊಂಡಿದ್ದ. ತಿಂಗಳುಗಟ್ಟಲೆ ಯಾರಿಗೂ ಮುಖ ತೋರಿಸಲಿಲ್ಲ. 1970ರಲ್ಲಿ ಒಂದು ದಿನ ತಾನು ಹೊರಟೆನೆಂದೂ ಚೆನ್ನಾಗಿದ್ದೇನೆಂದೂ ಚೀಟಿ ಬರೆದಿಟ್ಟು ಹೊರಟುಹೋದ. 2016ರಲ್ಲಿ, ತನ್ನ ಹುಟ್ಟೂರಿನ ಕಡೆ, ತೀರಿಕೊಂಡ.

ಇನ್ನು ಲಾಭ ನಷ್ಟದ ಲೆಕ್ಕ. ವಾರ್ಹಾಲ್ ಅಚ್ಚು ಹಾಕಿದ ಮರ್ಲಿನ್ ಚಿತ್ರವೊಂದು 2022ರ ಮೇ ತಿಂಗಳಲ್ಲಿ 19 ಕೋಟಿ 50 ಲಕ್ಷ ಡಾಲರಿಗೆ ಹರಾಜಾಯಿತು. ಅದರ ಮೂಲ ಫೋಟೊವನ್ನು ಯಾರು ತೆಗೆದರೆಂದು ಕೇಳಿದರೆ ಹೇಳುವವರು ವಿರಳ. ಅವನ 'ಹೂವುಗಳು' ಸರಣಿಗೆ ಆಧಾರವಾದ ದಾಸವಾಳದ ಚಿತ್ರ ಪೆಟ್ರೀಶಿಯಾ ಕಾಲ್‌ಫೀಲ್ಡ್ ಎಂಬ ಛಾಯಾಗ್ರಾಹಕಿಯದು. ಪತ್ರಿಕೆಯಿಂದ ಕತ್ತರಿಸಿಕೊಂಡದ್ದು. ಆಕೆ 1966ರಲ್ಲಿ ಮೊಕದ್ದಮೆ ಹೂಡಿದ ಮೇಲೆ ರಾಜಿಯಾಯಿತು. ಹಾಡುಗಾರ ಪ್ರಿನ್ಸ್‌ನ ಫೋಟೊವನ್ನು 1981ರಲ್ಲಿ ತೆಗೆದ ಲಿನ್ ಗೋಲ್ಡ್‌ಸ್ಮಿತ್‌ಗೆ 1984ರಲ್ಲಿ ಒಂದು ಬಾರಿಯ ಬಳಕೆಗೆಂದು 400 ಡಾಲರು ಸಿಕ್ಕಿತ್ತು. ಅದನ್ನಾಧರಿಸಿ ವಾರ್ಹಾಲ್ ಮಾಡಿದ ಇನ್ನೊಂದು ಚಿತ್ರ 2016ರಲ್ಲಿ ಪತ್ರಿಕೆಯ ಮುಖಪುಟವಾದಾಗ ವಾರ್ಹಾಲನ ಹೆಸರಿನ ಪ್ರತಿಷ್ಠಾನಕ್ಕೆ 10 ಸಾವಿರ ಡಾಲರು ಬಂತು, ಗೋಲ್ಡ್‌ಸ್ಮಿತ್‌ಗೆ ಹಣವೂ ಇಲ್ಲ, ಹೆಸರೂ ಇಲ್ಲ. 2023ರ ಮೇ 18ರಂದು ಅಮೆರಿಕದ ಸುಪ್ರೀಂ ಕೋರ್ಟು 7-2ರ ಬಹುಮತದಿಂದ ಛಾಯಾಗ್ರಾಹಕಿಯ ಪರವಾಗಿ ತೀರ್ಪು ಕೊಟ್ಟಿತು. ಹೆಸರು ಹೇಳುವುದು ಸೌಜನ್ಯದ ಪ್ರಶ್ನೆಯಷ್ಟೇ ಅಲ್ಲ, ಅನ್ನದ ಪ್ರಶ್ನೆಯೂ ಹೌದು.

ಇಷ್ಟು ದೂರದ ಕಥೆ ನಮಗೇಕೆ ಎನ್ನಬಹುದು. ನಾನಿರುವ ಬೆಂಗೇರಿಯ ಮಾತನ್ನೇ ತೆಗೆದುಕೊಳ್ಳೋಣ. 1957ರಲ್ಲಿ ಸ್ಥಾಪನೆಯಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಇಲ್ಲಿದೆ. ದೇಶದ ಪ್ರಮಾಣಬದ್ಧ ಖಾದಿ ರಾಷ್ಟ್ರಧ್ವಜ ತಯಾರಾಗುವ ಜಾಗ. 21 ಅಡಿಗೆ 14 ಅಡಿಯ ದೊಡ್ಡ ಬಾವುಟದಿಂದ ಮೇಜಿನ ಮೇಲಿನ ಪುಟ್ಟ ಬಾವುಟದವರೆಗೆ ಒಂಬತ್ತು ಅಳತೆಗಳಲ್ಲಿ ಹೊಲಿಯುತ್ತಾರೆ. ಕೆಲಸ ಮಾಡುವವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. ಆಗಸ್ಟ್ ಬಂತೆಂದರೆ ಎಲ್ಲೆಲ್ಲಿಂದಲೋ ಕ್ಯಾಮೆರಾಗಳು ಬರುತ್ತವೆ. ಮರುದಿನ ಚಿತ್ರವೂ ಅಚ್ಚಾಗುತ್ತದೆ. ಅಶೋಕ ಚಕ್ರ ಸ್ಪಷ್ಟವಾಗಿ ಕಾಣುತ್ತದೆ, ಹೊಲಿಯುವ ಕೈಗಳೂ ಕಾಣುತ್ತವೆ. ಕೆಳಗೆ 'ಧ್ವಜ ತಯಾರಿಕೆಯಲ್ಲಿ ನಿರತ ಮಹಿಳೆಯರು' ಎಂದಿರುತ್ತದೆ. 2021ರ ಡಿಸೆಂಬರಿನಲ್ಲಿ ಧ್ವಜ ಸಂಹಿತೆಗೆ ತಿದ್ದುಪಡಿಯಾಗಿ ಪಾಲಿಯೆಸ್ಟರ್ ಬಟ್ಟೆಗೂ ಯಂತ್ರಕ್ಕೂ ಅನುಮತಿ ಸಿಕ್ಕಿತು. ಮುಂದಿನ ವರ್ಷ ಇಲ್ಲಿಯವರು ಪ್ರತಿಭಟಿಸಿದರು. ಹೋಗುವುದಕ್ಕಿದ್ದುದು ಯಾರ ಕೆಲಸ ಎಂದು ಹಳೆಯ ಚಿತ್ರಗಳನ್ನು ತೆಗೆದು ನೋಡಿದರೆ ಅಲ್ಲಿ ಕೈಗಳಿವೆ, ಹೆಸರಿಲ್ಲ.

ಕಾರ್ಖಾನೆಯ ಮಾತು ಹೀಗಾದರೆ ಲೇಖಕ ಕಲಾವಿದರ ಬಳಗಗಳ ಗತಿಯೇನು? ಫ್ಯಾಕ್ಟರಿಯ ಕಾಲದಲ್ಲೇ ನಮ್ಮಲ್ಲೂ ಎದುರೀಜುವ ಬಳಗಗಳಿದ್ದವು. ಧಾರವಾಡದ ಮನೋಹರ ಗ್ರಂಥಮಾಲೆಯ ಅಟ್ಟವನ್ನೇ ನೋಡಿ. ಜಿ.ಬಿ. ಜೋಶಿಯವರು 1933ರಲ್ಲಿ ಆರಂಭಿಸಿದ ಈ ಪ್ರಕಾಶನದ ಅಟ್ಟ ಹತ್ತಿ ಕೀರ್ತಿನಾಥ ಕುರ್ತಕೋಟಿ, ಗಿರೀಶ ಕಾರ್ನಾಡರಂಥವರು ಗಂಟೆಗಟ್ಟಲೆ ವಾದ ಮಾಡಿದರು. ಇನ್ನೊಂದು ಬಳಗ 'ಸಂಸ್ಕಾರ' ಚಲನಚಿತ್ರದ್ದು. ಯು.ಆರ್. ಅನಂತಮೂರ್ತಿಯವರ 1965ರ ಕಾದಂಬರಿಯನ್ನು ಪಟ್ಟಾಭಿರಾಮ ರೆಡ್ಡಿ 1970ರಲ್ಲಿ ತೆರೆಗೆ ತಂದರು. ಚಿತ್ರಕಥೆ ಕಾರ್ನಾಡರದು, ಮುಖ್ಯ ಪಾತ್ರವೂ ಅವರದೇ. ನಾರಣಪ್ಪನಾಗಿ ಪಿ. ಲಂಕೇಶ್, ಚಂದ್ರಿಯಾಗಿ ಸ್ನೇಹಲತಾ ರೆಡ್ಡಿ. ಕಲಾ ನಿರ್ದೇಶನ ಮೈಸೂರು ಮೂಲದ ಎಸ್.ಜಿ. ವಾಸುದೇವ್ ಅವರದು. ಕೆ.ಸಿ.ಎಸ್. ಪಣಿಕ್ಕರ್ 1966ರಲ್ಲಿ ಮದರಾಸಿನ ಕಡಲ ತೀರದಲ್ಲಿ ಕಟ್ಟಿದ ಚೋಳಮಂಡಲ ಕಲಾಗ್ರಾಮದಲ್ಲಿ, ಬಾಟಿಕ್ ಬಟ್ಟೆ ಮಾರಿ ಚಿತ್ರ ಬರೆಯುತ್ತಿದ್ದ ಕಲಾವಿದರ ಜೊತೆಗಿದ್ದವರು ಅವರು. ಕ್ಯಾಮೆರಾ ಹಿಡಿದವನು ಆಸ್ಟ್ರೇಲಿಯಾದ ಟಾಮ್ ಕೋವನ್. ಸೆನ್ಸಾರ್ ಮಂಡಳಿ ಮೊದಲು ನಿಷೇಧಿಸಿದ ಆ ಚಿತ್ರವೇ ಆಮೇಲೆ ರಾಷ್ಟ್ರದ ಅತ್ಯುತ್ತಮ ಚಿತ್ರ ಪ್ರಶಸ್ತಿ ಪಡೆಯಿತು.

ಸ್ನೇಹಲತಾ ರೆಡ್ಡಿಯವರನ್ನು ತುರ್ತುಪರಿಸ್ಥಿತಿಯಲ್ಲಿ, 1976ರ ಮೇ ತಿಂಗಳಲ್ಲಿ, ಬಂಧಿಸಲಾಯಿತು. ಆಸ್ತಮಾ ರೋಗಿ. ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿ ಎಂಟು ತಿಂಗಳು ಕಳೆದು, ಪೆರೋಲ್ ಮೇಲೆ ಹೊರಬಂದ ಕೆಲವೇ ದಿನಗಳಲ್ಲಿ, 1977ರ ಜನವರಿ 20ರಂದು ತೀರಿಕೊಂಡರು. ಇಂದು ಅವರ ಮುಖ ನೋಡಬೇಕೆಂದರೆ ನಾವು ಹೋಗುವುದು ಟಾಮ್ ಕೋವನ್ ಹಿಡಿದ ಚಂದ್ರಿಯ ಬಳಿಗೆ. ಅದು ಪಾತ್ರದ ಮುಖ. ಗೆಳೆಯರ ನಡುವೆ ನಕ್ಕ, ತಾಲೀಮಿನಲ್ಲಿ ಸಿಡುಕಿದ, ಚಹಾ ಬಗ್ಗಿಸಿದ ಸ್ನೇಹಲತಾರನ್ನು ದಿನದಿನವೂ ಕೂತು ನೋಡಿದ ಬಿಲ್ಲಿ ನೇಮ್‌ನಂಥವನೊಬ್ಬ ನಮ್ಮ ಬಳಗಗಳಲ್ಲಿ ಇದ್ದಿದ್ದರೆ ಎನಿಸುತ್ತದೆ.

ಅಮೆರಿಕದ ಆ ಮನೆಯವರು ನಮ್ಮವರಿಗಿಂತ ದೊಡ್ಡವರೇನಲ್ಲ. ಅವರ ಬದುಕಿನಲ್ಲಿ ಅನುಕರಿಸಬೇಕಾದದ್ದು ಕಡಿಮೆ, ಮರುಗಬೇಕಾದದ್ದು ಹೆಚ್ಚು. ಆದರೂ ಹರ್ಕೊ, ಈಡಿ, ಕ್ಯಾಂಡಿಯರನ್ನು 60 ವರ್ಷಗಳ ನಂತರ ನಾವು ಹೆಸರು ಹಿಡಿದು ಕರೆಯಬಲ್ಲೆವು. ಅದಕ್ಕೆ ವಾರ್ಹಾಲನ ಕೀರ್ತಿಯೊಂದೇ ಕಾರಣವಲ್ಲ. ಅವರ ನಡುವೆ ಕುಳಿತು ಚಿತ್ರ ತೆಗೆದವರು ಯಾರು ಯಾರೆಂದು ಬಲ್ಲವರಾಗಿದ್ದರು, ಆ ಹೆಸರುಗಳನ್ನು ಪುಸ್ತಕಗಳಲ್ಲಿ ಚಿತ್ರದ ಪಕ್ಕದಲ್ಲೇ ಅಚ್ಚು ಹಾಕಿಸಿದರು.

ಈಗ ಎಲ್ಲರ ಕಿಸೆಯಲ್ಲೂ ಕ್ಯಾಮೆರಾ ಇದೆ, ಚಿತ್ರಗಳಿಗೆ ಬರವಿಲ್ಲ. ಬರವಿರುವುದು ಹೆಸರುಗಳಿಗೆ. ನಾಟಕ ತಂಡಗಳ, ಬಂಡಾಯದ ಸಭೆಗಳ, ಮುಶಾಯರಾಗಳ, ಬೀಡಿ ಕಟ್ಟುವವರ ಸಂಘಗಳ ಹಳೆಯ ಗುಂಪು ಫೋಟೊಗಳು ಎಷ್ಟೋ ಮನೆಗಳ ಟ್ರಂಕಿನಲ್ಲಿ ಗೆದ್ದಲಿನ ದಾರಿ ಕಾಯುತ್ತಿವೆ. ಅವುಗಳಲ್ಲಿ ನಿಂತವರನ್ನು ಗುರುತಿಸಬಲ್ಲ ಹಿರಿಯರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ಓದುಗರಲ್ಲಿ ಯಾರ ಮನೆಯಲ್ಲಾದರೂ ಅಂಥ ಚಿತ್ರವಿದ್ದರೆ, ಗೊತ್ತಿರುವವರ ಮುಂದೆ ಅದನ್ನು ಹಿಡಿದು ಎಡದಿಂದ ಬಲಕ್ಕೆ ಕೇಳಿ, ಹಿಂಬದಿಯಲ್ಲಿ ಸೀಸದ ಕಡ್ಡಿಯಿಂದ ಹೆಸರು, ಊರು, ವರ್ಷ ಬರೆದಿಡಿ. ಚಿತ್ರ ತೆಗೆದವರ ಹೆಸರು ಗೊತ್ತಿದ್ದರೆ ಅದನ್ನೂ ಬರೆಯಿರಿ.